ಮೂರು ಬೆರಳು ಕಡಿಮೆ

ಕ್ಯಾಮೆರಾ ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಮೂರು ಲೆನ್ಸುಗಳನ್ನು ಸಾಲಾಗಿ ನಿಲ್ಲಿಸಿದ. ಮೊದಲನೆಯದು ಮುಷ್ಟಿಯಷ್ಟು ಗಿಡ್ಡ. ನಡುವಿನದು ನೀರು ಕುಡಿಯುವ ಲೋಟದಷ್ಟಿತ್ತು. ಮೂರನೆಯದು ಒಂದು ಗೇಣು ಉದ್ದ, ಎತ್ತಿದರೆ ಮಣಿಕಟ್ಟು ಬಾಗುವಷ್ಟು ತೂಕ.

"ಅರವತ್ತು, ನೂರು, ನೂರ ಎಂಬತ್ತು ಎಂಎಂ. ಮೂರೂ ಮ್ಯಾಕ್ರೋನೇ. ಸಣ್ಣ ವಸ್ತು ಇದ್ದಷ್ಟೇ ಗಾತ್ರಕ್ಕೆ ಬೀಳತ್ತೆ. ಆಮೇಲೆ ನೀವು ಎಷ್ಟು ಬೇಕಾದ್ರೂ ಹಿಗ್ಗಿಸಿ ನೋಡ್ಕೋಬಹುದು. ಅಂದ ಹಾಗೆ, ಹೂವಾ, ಹುಳಾನಾ?"

"ಪಾಚಿ" ಎಂದರು ಮುದುಕರು.

"ಪಾಚಿನಾ? ಜನ ಅದನ್ನ ಉಜ್ಜಿ ತೊಳೀತಾರೆ. ನೀವು ಫೋಟೋ ತೆಗೀತೀರಾ?"

ಮುದುಕರು ನಗಲಿಲ್ಲ. ಅಂಗಡಿಯವನೂ ತನ್ನ ನಗುವನ್ನು ಮೆಲ್ಲಗೆ ಮಡಿಸಿಟ್ಟ. ಅವರು ಆ ಬೀದಿಗೆಲ್ಲ ಗೊತ್ತಿದ್ದವರು. ನಲವತ್ತು ವರ್ಷ ಮೂರು ಅಂಗಡಿ ಆಚೆ ಕೂತು ಊರಿನವರ ಕಣ್ಣು ನೋಡಿದ್ದರು, ನಂಬರು ಬರೆದಿದ್ದರು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಿದ್ದರು. ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ಅವರು 'ಕನ್ನಡಕದವರು'. ಈ ಅಂಗಡಿಯವನ ಅಪ್ಪನಿಗೆ ಮೊದಲ ಚಾಳೀಸು ಕೊಟ್ಟವರೂ ಅವರೇ.

ಕನ್ನಡಕದವರು ಜೇಬಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ ದುಂಡಗೆ ಬರೆದದ್ದು ಒಂದೇ ಅಂಕಿ: ಹದಿನೆಂಟು.

"ಗಾಜಿನ ತೊಟ್ಟಿ ಇದೆ. ಒಳಗೆ ನಟ್ಟನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಪಾಚಿ. ಗಾಜಿನಿಂದ ಪಾಚಿಗೆ ಹದಿನೆಂಟು ಸೆಂಟಿಮೀಟರ್. ನಾನೇ ಅಳೆದಿದೀನಿ. ತೊಟ್ಟಿ ತೆರೆಯೋ ಹಾಗಿಲ್ಲ."

"ತೆರೆಯೋ ಹಾಗಿಲ್ಲ ಅಂದ್ರೆ ದೊಡ್ಡದೇ ತಗೊಳ್ಳಿ. ದೂರದಿಂದ ಸಿಗತ್ತೆ."

ಕನ್ನಡಕದವರು ಪೆಟ್ಟಿಗೆಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ಓದಿದರು. ಎಷ್ಟು ಹತ್ತಿರದಿಂದ ಪೂರ್ತಿ ಗಾತ್ರದ ಚಿತ್ರ ಬರುತ್ತದೆಂದು ಪ್ರತಿಯೊಂದರ ಮೇಲೂ ಬರೆದಿತ್ತು. ಗಿಡ್ಡದಕ್ಕೆ ಇಪ್ಪತ್ತು, ನಡುವಿನದಕ್ಕೆ ಮೂವತ್ತು, ಉದ್ದದ್ದಕ್ಕೆ ನಲವತ್ತೆಂಟು ಸೆಂಟಿಮೀಟರ್.

"ಇಪ್ಪತ್ತಾದ್ರೆ ಗಾಜಿಗೆ ಮೂಗು ಒತ್ತಿದ ಹಾಗಾಗತ್ತೆ, ಲೆನ್ಸಿನ ನೆರಳು ಪಾಚಿ ಮೇಲೇ ಬೀಳತ್ತೆ. ನಲವತ್ತೆಂಟು ಯಾಕಪ್ಪ? ಆ ತೂಕಕ್ಕೆ ನಮ್ಮನೆ ಹಳೇ ಸ್ಟ್ಯಾಂಡು ವಾಲತ್ತೆ. ಮೂವತ್ತರದ್ದು ಹೇಳಿ ಮಾಡಿಸಿದ ಹಾಗಿದೆ. ಹದಿನೆಂಟು ಒಳಗೆ, ಹನ್ನೆರಡು ಹೊರಗೆ."

"ಸರ್, ಒಂದ್ನಿಮಿಷ. ಈ ಮೂವತ್ತು ಅನ್ನೋದನ್ನ ಎಲ್ಲಿಂದ ಹಿಡೀಬೇಕು ಅಂದ್ರೆ…"

"ಅಲ್ಲಪ್ಪ, ನಿನಗೆ ಹಾಲುಹಲ್ಲು ಬೀಳೋಕ್ ಮುಂಚೆಯಿಂದ ನಾನು ಗಾಜಿನ ಜೊತೆ ಸಂಸಾರ ಮಾಡಿದೀನಿ. ಗಾಜಿನ ಅಳತೆ ನನಗೆ ಹೇಳಿಕೊಡ್ತೀಯಾ?"

ಅಂಗಡಿಯವನು ಎರಡೂ ಕೈ ಎತ್ತಿ ಸೋತೆ ಎಂದ. ಆಮೇಲೆ, ಹಳೆಯ ಪರಿಚಯದ ಸಲುಗೆಯಿಂದ, "ವಾಪಸ್ ತಗೊಳ್ಳೋದಾಗಲ್ಲ ಸರ್, ಮೊದಲೇ ಹೇಳಿಬಿಡ್ತೀನಿ. ಬೇರೆಯವರ ಕೈ ದಾಟಿ ಬಂದ ಸರಕು. ಇರೋದು ಒಂದೊಂದೇ" ಎಂದ.

"ವಾಪಸ್ ಕೊಡೋಕೆ ನಾನು ಬರಲ್ಲ" ಎಂದು ಹೇಳಿ ಕನ್ನಡಕದವರು ನಡುವಿನದನ್ನು ಎದೆಗವಚಿಕೊಂಡು ಮನೆಗೆ ನಡೆದರು. ಮಗಳು ತೀರಿಕೊಂಡ ಮೇಲೆ ಅವರ ಹೆಜ್ಜೆಯಲ್ಲಿ ಅಂಥ ಬಿರುಸು ಕಂಡದ್ದು ಅದೇ ಮೊದಲು.

ಮಗಳು ಸಸ್ಯ ಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದಳು. ಒಣಗಿಸಿದ ಗಿಡಗಳನ್ನು ಕಾಗದಕ್ಕೆ ಅಂಟಿಸಿ, ಹೆಸರು ಬರೆದು, ಕಪಾಟಿನಲ್ಲಿ ಜೋಡಿಸುವ ಕೆಲಸ. ಆದರೆ ಅವಳ ಜೀವವೆಲ್ಲ ಪಾಚಿಯ ಮೇಲೆ. ಜೊತೆಯವರು ಅವಳನ್ನು 'ಪಾಚಿ ಮೇಡಂ' ಎಂದು ಕಾಡುತ್ತಿದ್ದರು. ಮನೆಯಲ್ಲಿ ಮಾತ್ರ ಮೂವತ್ತಾರು ವರ್ಷವಾದರೂ ಅವಳು ಪುಟ್ಟಿಯೇ. ಹಳೆಯ ನೀರಿನ ಟ್ಯಾಂಕೊಂದರ ಗೋಡೆಯಲ್ಲಿ ಅವಳಿಗೆ ಒಂದು ಪಾಚಿ ಸಿಕ್ಕಿತು. ಎಲ್ಲ ಗೋಡೆಗಳ ಮೇಲೂ ಬೆಳೆಯುವ ಜಾತಿಯಂತೆಯೇ ಕಾಣುತ್ತಿದ್ದರೂ ಅದಲ್ಲವೆಂದು ಅವಳಿಗೆ ಅನ್ನಿಸಿತು. ಮತ್ತೆ ಹೋಗಿ ನೋಡುವಷ್ಟರಲ್ಲಿ ಟ್ಯಾಂಕನ್ನು ಕೆಡವಿದ್ದರು. ಮೊದಲ ದಿನ ಕಲ್ಲಿನ ಸಮೇತ ತಂದದ್ದಷ್ಟೇ ಉಳಿಯಿತು.

"ಇದು ಕಾಯಿ ಬಿಡಬೇಕು ಅಪ್ಪ" ಎನ್ನುತ್ತಿದ್ದಳು. "ಕೂದಲಿನಂಥ ಕಡ್ಡಿ, ಅದರ ತುದೀಲಿ ಸಾಸಿವೆಗಿಂತ ಸಣ್ಣ ಕಾಯಿ. ಕಾಯಿಗೊಂದು ಮುಚ್ಚಳ. ಅದು ಉದುರಿದ್ರೆ ಬಾಯಿ ಸುತ್ತ ಹಲ್ಲು ಕಾಣತ್ತೆ. ಹದಿನಾರಿದ್ರೆ ಮಾಮೂಲಿ ಜಾತಿ. ಇದಕ್ಕೆ ಮೂವತ್ತೆರಡು ಇದೆ, ನೋಡ್ತಾ ಇರಿ. ನಮ್ಮ ಬಾಯಲ್ಲಿರೋವಷ್ಟೇ."

"ನನ್ನ ಬಾಯಲ್ಲಿ ಈಗ ಇಪ್ಪತ್ತೂ ಇಲ್ಲ" ಎನ್ನುತ್ತಿದ್ದರು ಕನ್ನಡಕದವರು.

"ಹಾಗಾದ್ರೆ ನೀವೂ ಹೊಸ ಜಾತಿ" ಎಂದು ಅವಳು ನಗುತ್ತಿದ್ದಳು.

ಆಸ್ಪತ್ರೆಯಿಂದ ಕೊನೆಯ ಸಲ ಮನೆಗೆ ಬಂದಾಗ ಅವಳು ತೊಟ್ಟಿಯನ್ನು ಒರೆಸಿ ಕಲ್ಲನ್ನು ನಡುವೆ ಇಟ್ಟಳು. ಮುಚ್ಚುವ ಮುಂಚೆ ಬಗ್ಗಿ, ತೊಟ್ಟಿಯೊಳಕ್ಕೆ ನಿಧಾನವಾಗಿ ಮೂರು ಸಲ ಉಸಿರು ಬಿಟ್ಟಳು. "ನಾವು ಬಿಡೋ ಉಸಿರು ಇದಕ್ಕೆ ಊಟ ಅಮ್ಮ" ಎಂದಳು. ಗಾಜಿನ ಮುಚ್ಚಳ ಇಟ್ಟು ಸುತ್ತಲೂ ಟೇಪು ಅಂಟಿಸಿದಳು. ಅದಾಗಿ ಏಳನೆಯ ವಾರಕ್ಕೆ ಅವಳಿರಲಿಲ್ಲ. ಕೊಟ್ಟವನು ತೆಗೆದುಕೊಂಡ ಎಂದು ಬಂದವರೆಲ್ಲ ಹೇಳಿದರು. ಕನ್ನಡಕದವರು ದೇವರನ್ನು ನಂಬಿದವರು, ದಿನಕ್ಕೆರಡು ಸಲ ಕೈ ಮುಗಿದು ಕೂರುವವರು, ಅವರೂ ಹೌದೆಂದು ತಲೆಯಾಡಿಸಿದರು. ತೆಗೆದುಕೊಂಡವನ ಕೈಗೆ ತಾನೇ ಎತ್ತಿಕೊಟ್ಟೆನೇನೋ ಎಂಬ ಮಾತೊಂದು ಒಳಗಿತ್ತು. ಅದನ್ನು ಅವರು ಪ್ರಾರ್ಥನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ.

ತಾಯಿ ಆ ತೊಟ್ಟಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ದಿನಾ ಬೆಳಗ್ಗೆ ಹೊರಗಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುವರು. ಒಳಗಿನ ಗಾಜಿಗೆ ಹನಿ ಕಟ್ಟಿ ಇಳಿಯುವುದನ್ನು ನೋಡುತ್ತ ಕೂರುವರು. "ಪುಟ್ಟಿ ಉಸಿರು ಇನ್ನೂ ಒಳಗಿದೆ" ಎಂದು ಒಂದೇ ಸಲ ಹೇಳಿದ್ದರು. ಕನ್ನಡಕದವರು ಎರಡನೆಯ ಸಲ ಕೇಳಲಿಲ್ಲ.

ಎಂಟು ತಿಂಗಳು ಕಳೆದ ಮೇಲೆ ಪಾಚಿಯಿಂದ ಒಂದೇ ಒಂದು ಕಡ್ಡಿ ಎದ್ದಿತು. ತುದಿಯಲ್ಲಿ ಕಾಯಿ. ಕನ್ನಡಕದವರು ಸಂಗ್ರಹಾಲಯಕ್ಕೆ ಓಡಿದರು. ಮಗಳ ಮೇಲಿನ ಅಧಿಕಾರಿ ಒಳ್ಳೆಯ ಹೆಂಗಸು. ಪುಟ್ಟಿ ಬರೆದಿಟ್ಟ ಹಾಳೆಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿದರು. ಎಲೆಯ ಚಿತ್ರ, ಕಾಂಡದ ಚಿತ್ರ, ಬೇರಿನಂಥ ಎಳೆಗಳ ಚಿತ್ರ, ಎಲ್ಲ ಇತ್ತು. ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಖಾಲಿ. ಅದರಡಿಯಲ್ಲಿ ಪುಟ್ಟಿಯ ಕೈಬರಹ: 'ಹಲ್ಲು ಮೂವತ್ತೆರಡು, ನೋಡಿ ಖಚಿತಪಡಿಸಬೇಕು.'

"ಆ ಕಾಯಿ ತಂದುಕೊಡಿ, ಎರಡು ನಿಮಿಷದಲ್ಲಿ ನೋಡಿ ಹೇಳ್ತೀನಿ" ಎಂದರು ಅಧಿಕಾರಿ.

"ತೊಟ್ಟಿ ತೆರೆಯೋಕೆ ಅವಳ ತಾಯಿ ಒಪ್ಪಲ್ಲ."

ಅಧಿಕಾರಿ ಯಾಕೆಂದು ಕೇಳಲಿಲ್ಲ. "ಹಾಗಾದ್ರೆ ಹಲ್ಲು ಎಣಿಸೋ ಹಾಗಿರೋ ಫೋಟೋ ಸಾಕು. ಆದರೆ ಶನಿವಾರ ನಮ್ಮ ಪಾಚಿ ಜಾತಿಗಳ ಪುಸ್ತಕ ಅಚ್ಚಿಗೆ ಹೋಗತ್ತೆ. ಅಷ್ಟರಲ್ಲಿ ಬಂದ್ರೆ ಅವಳ ಹೆಸರಲ್ಲೇ ಹೊಸ ಜಾತಿ ಅಂತ ಹಾಕ್ತೀನಿ. ಇಲ್ಲದಿದ್ರೆ ಆ ಹಾಳೆ ಬಿಡಬೇಕಾಗತ್ತೆ. ನನ್ನ ಕೈಲಿಲ್ಲ ಇದು. ಇನ್ನೊಂದು ಪುಸ್ತಕ ನನ್ನ ಕಾಲದಲ್ಲಿ ಬರಲ್ಲ."

ಹಾಗೆ ಮಗಳ ಕ್ಯಾಮೆರಾಕ್ಕೆ ಹೊಂದುವ ಲೆನ್ಸು ಹುಡುಕಿಕೊಂಡು ಅವರು ಅಂಗಡಿಗೆ ಹೋಗಿದ್ದು. ಅದು ಗುರುವಾರ.

ಮನೆಗೆ ಬಂದವರೇ ಕಾಲು ಕೂಡ ತೊಳೆಯದೆ ಕೆಲಸಕ್ಕೆ ಕೂತರು. ತೊಟ್ಟಿಯ ಮುಂದೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಮೇಜುದೀಪವನ್ನು ಪಕ್ಕಕ್ಕೆ ತಿರುಗಿಸಿ, ಅಳತೆ ಟೇಪು ಹಿಡಿದು ಲೆನ್ಸಿನ ಮೂತಿಯಿಂದ ಕಾಯಿಗೆ ಸರಿಯಾಗಿ ಮೂವತ್ತು ಅಳೆದರು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೈಯಲ್ಲಿ ಅರ್ಧ ಒರೆಸಿದ ತಟ್ಟೆ.

"ಬಂತೇನ್ರೀ?"

"ಇರು, ಬರತ್ತೆ."

ಚಿತ್ರ ಬಂತು. ಆದರೆ ಕಾಯಿ ಚಿಕ್ಕದಾಗಿ ಕಂಡಿತು. ಹಿಗ್ಗಿಸಿ ನೋಡಿದರೆ ಬಾಯಿಯ ಜಾಗದಲ್ಲಿ ಕಂದು ಚುಕ್ಕೆ, ಅಷ್ಟೇ. ಪೂರ್ತಿ ಗಾತ್ರದ ಗುರುತಿಗೆ ಲೆನ್ಸಿನ ಬಳೆಯನ್ನು ತಿರುಗಿಸಿದರೆ ಎಲ್ಲವೂ ಮಂಜು. ಹತ್ತಿರಕ್ಕೆ ಸರಿಸಿದರು. ಮಂಜು ಕಡಿಮೆಯಾಯಿತು. ಇನ್ನೂ ಸರಿಸಿದರು. ಕೊನೆಗೆ ಲೆನ್ಸಿನ ಮೂತಿ ತೊಟ್ಟಿಯ ಗಾಜಿಗೆ ಟಕ್ಕೆಂದು ತಗುಲಿತು. ಮಂಜು ಮಾತ್ರ ಪೂರ್ತಿ ಕರಗಲಿಲ್ಲ. ಇನ್ನು ಸ್ವಲ್ಪ ಮುಂದೆ ಹೋಗಬೇಕಿತ್ತು, ಹೋಗಲು ಗಾಜು ಬಿಡಲಿಲ್ಲ.

ಅವರು ಚಾಳೀಸು ಹಾಕಿಕೊಂಡು ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿದರು. ಮೂರನೆಯ ಮಡಿಕೆಯಲ್ಲಿ ಒಂದು ಪುಟ್ಟ ಚಿತ್ರವಿತ್ತು. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಸೊನ್ನೆ, ಅದರ ಮಧ್ಯೆ ಅಡ್ಡಗೆರೆ. ದೂರವನ್ನು ಈ ಗುರುತಿನಿಂದ ಅಳೆಯತಕ್ಕದ್ದು ಎಂದು ಬರೆದಿತ್ತು. ಅಂದರೆ ಲೆನ್ಸಿನಿಂದ ಅಲ್ಲ, ಲೆನ್ಸಿನ ಹಿಂದೆ, ಕ್ಯಾಮೆರಾದ ಒಳಗೆ ಬಿಂಬ ಬೀಳುವ ಕಡೆಯಿಂದ. ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ, ಎಲ್ಲವನ್ನೂ ಆ ಮೂವತ್ತೇ ನುಂಗಬೇಕು. ಟೇಪು ಹಿಡಿದು ಕಳೆದರು. ಮೂತಿಯ ಮುಂದೆ ಉಳಿದದ್ದು ಹದಿಮೂರು. ಬೇಕಾದದ್ದು ಹದಿನೆಂಟು.

ಐದು ಸೆಂಟಿಮೀಟರ್. ಅವರು ಬೆರಳು ಮಡಿಸಿ ನೋಡಿದರು, ಮೂರು ಬೆರಳಿನ ಅಗಲ.

ಕನ್ನಡಕದ ಕಸುಬಿನಲ್ಲಿ ಎಲ್ಲ ದೂರವನ್ನೂ ಗಾಜಿನಿಂದಲೇ ಹಿಡಿಯುವುದು. ಓದುವ ಪುಸ್ತಕ ಗಾಜಿನಿಂದ ಎಷ್ಟು ದೂರ, ಅಕ್ಷರದ ಹಲಗೆ ಎಷ್ಟು ದೂರ ಎಂದೇ ಕೇಳುವುದು. ಗಾಜಿನ ಹಿಂದೆ ಏನಿದೆಯೆಂದು ಅವರು ಅಳೆದವರಲ್ಲ. ಅಂಗಡಿಯವನು ಅದನ್ನೇ ಹೇಳಲು ಬಂದಿದ್ದ.

ಮಾರನೆಯ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತರು. ಅಂಗಡಿಯವನು ಬೀಗದ ಕೈ ಹಿಡಿದು ಬಂದವನು ಅವರ ಮುಖ ನೋಡಿಯೇ ಅರ್ಥ ಮಾಡಿಕೊಂಡ.

"ನೂರ ಎಂಬತ್ತರದ್ದು ಕೊಡಪ್ಪ. ಇದನ್ನೂ ಇಟ್ಕೋ, ವಾಪಸ್ ಏನೂ ಬೇಡ."

"ನಿನ್ನೆ ಸಂಜೆಯೇ ಹೋಯ್ತು ಸರ್. ಹಕ್ಕಿ ಫೋಟೋ ತೆಗೆಯೋರು ಒಬ್ರು ಬಂದಿದ್ರು, ಅವರಿಗೆ ಅದು ಬೇಕಾಗೂ ಇರಲಿಲ್ಲ, ಸುಮ್ನೆ ತಗೊಂಡು ಹೋದ್ರು. ತರಿಸಿದ್ರೆ ಒಂದು ತಿಂಗಳು." ಬೀಗ ತೆಗೆಯುತ್ತ, "ನಾನು ಗಟ್ಟಿಯಾಗಿ ಹೇಳಬೇಕಿತ್ತು. ನೀವು ಗದರಿಸಿದ್ರಿ ಅಂತ ಸುಮ್ಮನಾದೆ" ಎಂದ.

"ನೀನು ಹೇಳಿದೆ. ನಾನೇ ಕೇಳಲಿಲ್ಲ."

ಮನೆಗೆ ಬಂದು ಹೆಂಡತಿಯನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗುರುತು ಎಲ್ಲಿದೆ, ಅಳತೆ ಎಲ್ಲಿಂದ, ತಾನು ಎಲ್ಲಿಂದ ಹಿಡಿದೆ. ಕ್ಯಾಮೆರಾವನ್ನು ಕೈಗೆ ಕೊಟ್ಟು ಆ ಸೊನ್ನೆಯನ್ನೂ ತೋರಿಸಿದರು. ಆಕೆ ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಅಂದ್ರೆ ಹಿಂದಿನಿಂದ ಲೆಕ್ಕ. ನೀವು ಗಾಜು ನೋಡಿದ್ರಿ."

"ಹೂಂ."

"ಪುಟ್ಟಿ ಕಣ್ಣಿಗೂ ಹಾಗೇ ಮಾಡಿದ್ರಿ."

ಕೋಪದಿಂದ ಅಂದ ಮಾತಲ್ಲ. ಗಂಟೆ ಎಷ್ಟಾಯಿತೆಂದು ಹೇಳುವವರ ದನಿಯಲ್ಲಿ ಆಡಿದರು. ಇಷ್ಟು ತಿಂಗಳಲ್ಲಿ ಆ ಮಾತು ಆಕೆಯ ಬಾಯಿಂದ ಬಂದಿರಲಿಲ್ಲ. ಬರುವುದಿಲ್ಲವೆಂದು ಕನ್ನಡಕದವರು ಕ್ರಮೇಣ ನಂಬತೊಡಗಿದ್ದರು. ಎಡಗಣ್ಣು ಮಂಜಾಗುತ್ತಿದೆ ಅಪ್ಪ ಎಂದು ಪುಟ್ಟಿ ಬಂದಾಗ ಅವರು ನಂಬರು ಬದಲಾಯಿಸಿ ಹೊಸ ಗಾಜು ಹಾಕಿಕೊಟ್ಟಿದ್ದರು. ಎರಡು ತಿಂಗಳಿಗೆ ಮತ್ತೆ ಬಂದಳು, ಮತ್ತೊಂದು ಗಾಜು. ಮೂರನೆಯ ಸಲ, ಪಾಚಿ ನೋಡಿ ನೋಡಿ ಕಣ್ಣು ಸವೆಸಿಕೊಂಡಿದ್ದೀಯ ಎಂದು ಗದರಿ ಮತ್ತೊಂದು. ಗಡ್ಡೆ ಇದ್ದದ್ದು ಕಣ್ಣಿನ ಹಿಂದೆ. ನಾಲ್ಕು ತಿಂಗಳು ಮುಂಚೆ ಬರಬೇಕಿತ್ತು ಎಂದು ಡಾಕ್ಟರು ಅಂದಾಗ ಪುಟ್ಟಿ ಅಪ್ಪನ ಕಡೆ ತಿರುಗಲಿಲ್ಲ. ಬೇಕೆಂದೇ ಕಿಟಕಿಯ ಕಡೆ ನೋಡುತ್ತಿದ್ದಳು.

ಕನ್ನಡಕದವರು ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೈ ಮುಗಿದು ಕೂತರು. ಪ್ರಾರ್ಥನೆಯ ಮಾತುಗಳು ನಾಲಿಗೆಗೆ ಬಂದವು. ಎಷ್ಟೋ ವರ್ಷ ಹೇಳಿದ ಮಾತುಗಳು, ತಾವಾಗಿ ಬಂದು ತಾವಾಗಿ ಹೋದವು. ಆ ಕಡೆ ಯಾರೂ ಕಿವಿಗೊಟ್ಟಂತೆ ಅನ್ನಿಸಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದರೋ, ಹೆಂಡತಿ ಬಂದು ಬಾಗಿಲಲ್ಲಿ ನಿಂತರು.

"ಬನ್ನಿ. ತೊಟ್ಟಿ ತೆಗೀರಿ."

"ಬೇಡ ಕಣೇ. ಒಂದು ಕಳೆದಿದೀನಿ. ಇನ್ನೊಂದನ್ನೂ ನನ್ನ ಕೈಯಿಂದ ಕಳೆಯೋದು ಬೇಡ."

"ನಿಮ್ಮ ಕೈ ಬೇಡ, ನಾನೇ ತೆಗೀತೀನಿ. ನಾಳೆ ಶನಿವಾರ. ಅವಳ ಹಾಳೆಯಲ್ಲಿ ಆ ಮೂಲೆ ಖಾಲಿ ಉಳೀಬಾರದು. ಉಸಿರು ಇಟ್ಕೊಂಡು ನಾನೇನು ಮಾಡ್ಲಿ. ಹೆಸರಾದ್ರೂ ಉಳೀಲಿ."

ಆಕೆ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ನಾಲ್ಕೂ ಕಡೆಯಿಂದ ಬಿಡಿಸಿದರು. ಪುಟ್ಟಿಯ ಬೆರಳು ಒತ್ತಿದ ಟೇಪು. ಅದನ್ನು ಬಿಸಾಡದೆ ಕುರ್ಚಿಯ ಬೆನ್ನಿಗೆ ಅಂಟಿಸಿಟ್ಟರು. ಮುಚ್ಚಳವನ್ನು ಬೆರಳಗಲ ಸರಿಸಿ, ಆ ಸಂದಿಗೆ ಮುಖ ಇಟ್ಟು, ಕಣ್ಣು ಮುಚ್ಚಿ, ಎದೆ ತುಂಬುವಷ್ಟು ಉಸಿರು ಎಳೆದುಕೊಂಡರು. ಬಿಡಲಿಲ್ಲ. ತುಂಬಾ ಹೊತ್ತು ಹಾಗೇ ಬಗ್ಗಿದ್ದರು. ಕತ್ತಿನ ನರ ಎದ್ದು ಕಂಡಿತು. ಕೊನೆಗೆ ದೇಹಕ್ಕೆ ತಡೆಯದೆ ಬಿಟ್ಟರು.

"ಮಣ್ಣಿನ ವಾಸನೆ" ಎಂದರು. "ಬರೀ ಮಣ್ಣು."

ಕನ್ನಡಕದವರು ಕಲ್ಲನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿನ ಬಿಳಿ ತಟ್ಟೆಗೆ ಇಳಿಸಿದರು. ಈಗ ಲೆನ್ಸಿಗೆ ಅಡ್ಡ ಏನೂ ಇರಲಿಲ್ಲ. ಕ್ಯಾಮೆರಾದ ನೆತ್ತಿಯ ಗುರುತಿನಿಂದ ಮೂವತ್ತು ಅಳೆದರು. ಬಳೆ ತಿರುಗಿಸುವ ಅಗತ್ಯವೂ ಬೀಳಲಿಲ್ಲ. ಕಾಯಿ ಸ್ಫಟಿಕದಂತೆ ಎದುರಿಗೆ ಬಂದು ನಿಂತಿತು. ಮುಚ್ಚಳ ಆಗಲೇ ಉದುರಿತ್ತು. ತೇವದಲ್ಲಿ ಒಳಕ್ಕೆ ಮಡಿಸಿಕೊಂಡಿದ್ದ ಹಲ್ಲುಗಳು ಕೋಣೆಯ ಒಣಗಾಳಿ ತಗುಲುತ್ತಲೇ ಒಂದೊಂದಾಗಿ ಮೇಲೆದ್ದು ಹಿಂದಕ್ಕೆ ಬಾಗತೊಡಗಿದವು. ಕೆಂಪು ಮಿಶ್ರಿತ ಕಂದು ಬಣ್ಣ, ಚೂಪಾದ ತುದಿ, ಮೈಮೇಲೆ ಸಣ್ಣ ಅಡ್ಡಗೀರು. ಇಷ್ಟು ಅಚ್ಚುಕಟ್ಟಾದದ್ದನ್ನು ಮಾಡಿದವನು ಒಂದು ಕಣ್ಣಿನ ಹಿಂದೆ ಅಂಥದ್ದನ್ನು ಯಾಕೆ ಇಟ್ಟ ಎಂಬ ಪ್ರಶ್ನೆ ಅವರೊಳಗೆ ಎದ್ದಿತು. ಅದನ್ನು ಅವರು ತಡೆಯಲೂ ಇಲ್ಲ, ಉತ್ತರಕ್ಕೆ ಕಾಯಲೂ ಇಲ್ಲ.

ಆರು ಚಿತ್ರ ತೆಗೆದರು. ಆರೂ ಚೆನ್ನಾಗಿ ಬಂದವು. ಅದರಲ್ಲಿ ಒಂದನ್ನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತುಂಬ ಹಿಗ್ಗಿಸಿ, ತುದಿ ಮುರಿದ ಒಂದು ಹಲ್ಲನ್ನು ಗುರುತಿಗೆ ಇಟ್ಟುಕೊಂಡು, ಬಲಕ್ಕೆ ತಿರುಗುತ್ತ ಎಣಿಸಿದರು. ಮತ್ತೆ ಮುರಿದ ಹಲ್ಲಿಗೆ ಬಂದು ನಿಂತರು. ಚಾಳೀಸು ತೆಗೆದು, ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು, ಈ ಸಲ ಎಡಕ್ಕೆ ಎಣಿಸಿದರು.

ಹೆಂಡತಿ ಅವರ ಬಾಯಿಯನ್ನೇ ನೋಡುತ್ತಿದ್ದರು. ಪುಟ್ಟಿ ಮನೆಯಲ್ಲೇ ಕೂತು ಬರೆದಿದ್ದ ಆ ಹಾಳೆಯ ಒಂದೊಂದು ಸಾಲೂ ಆಕೆಗೆ ಬಾಯಿಪಾಠ.

"ಎಷ್ಟು?"

ಕನ್ನಡಕದವರು ಮೇಜುದೀಪ ಆರಿಸಿದರು.

"ಹದಿನಾರು."

ಆಕೆ ಎದ್ದು, ಖಾಲಿ ತೊಟ್ಟಿಯ ಮುಚ್ಚಳವನ್ನು ಸರಿಯಾಗಿ ಎಳೆದು ಮುಚ್ಚಿದರು. ಕುರ್ಚಿಯ ಬೆನ್ನಿನಿಂದ ಟೇಪು ಬಿಡಿಸಿ ಮೊದಲಿದ್ದ ಜಾಗಕ್ಕೇ ಅಂಟಿಸಿದರು. ಅಂಟು ಹೋಗಿದ್ದ ಕಡೆ ಅದು ಏಳುತ್ತಿತ್ತು, ಹೆಬ್ಬೆರಳಿನಿಂದ ಮತ್ತೆ ಮತ್ತೆ ಒತ್ತಿದರು. ಒಳಗಿನ ಗಾಜಿನ ಹನಿಗಳು ಆಗಲೇ ಆರತೊಡಗಿದ್ದವು. ತಟ್ಟೆಯ ಮೇಲೆ ಪಾಚಿಯ ಅಂಚು ಮುದುಡಿಕೊಳ್ಳುತ್ತಿತ್ತು. ಗೇಟಿನ ಪಕ್ಕದ ಗೋಡೆಯ ಮೇಲೆ, ಚರಂಡಿಯ ಅಂಚಿನಲ್ಲಿ, ಊರಿನ ಎಲ್ಲ ಗೋಡೆಗಳ ಮೇಲೂ ಇರುವ ಮಾಮೂಲಿ ಪಾಚಿಯೇ ಅದು.

"ಶನಿವಾರ ನಾಳೆ ತಾನೆ?" ಎಂದು ಕೇಳಿದರು ಬೆನ್ನು ತಿರುಗಿಸಿಕೊಂಡೇ.

"ನಾಳೆ."

"ಇನ್ನೊಂದ್ಸಲ ಎಣಿಸಿ."

"ಎರಡು ಸಲ ಎಣಿಸಿದೆ ಕಣೇ. ಬಲಕ್ಕೊಂದ್ಸಲ, ಎಡಕ್ಕೊಂದ್ಸಲ."

"ನನಗೆ ಕೇಳೋ ಹಾಗೆ ಎಣಿಸಿ."

ಕನ್ನಡಕದವರು ಕ್ಯಾಮೆರಾವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು, ತುದಿ ಮುರಿದ ಹಲ್ಲನ್ನು ಹುಡುಕಿ, ಗಟ್ಟಿಯಾಗಿ ಒಂದು ಎಂದರು.